ಲೆ ಮೋರ್ನ್ ಬೆಟ್ಟ ಹತ್ತುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರಿಷಸ್‌ಗೆ ಹೊರಡುವವರು ಹೋಟೆಲು, ಬೀಚು, ದೋಣಿ ಎಲ್ಲ ಗೊತ್ತು ಮಾಡಿಕೊಂಡ ಮೇಲೆ ಕೊನೆಯಲ್ಲಿ ವಿಚಾರಿಸುವುದು ಈ ಬೆಟ್ಟವನ್ನು. ನೈಋತ್ಯದ ತುದಿಯಲ್ಲಿ ಸಮುದ್ರದ ಅಂಚಿಗೇ ಎದ್ದು ನಿಂತ ಕಪ್ಪು ಬಂಡೆ ಅದು. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು, ಸುಲಭದ್ದರಿಂದ ಶುರು ಮಾಡಿ ಉತ್ತರಿಸಿದ್ದೇವೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಬಹುದು.

## ಮೊದಲು ಗೊತ್ತಿರಬೇಕಾದ್ದು

ಲೆ ಮೋರ್ನ್ ಅಂದ್ರೆ ಬೀಚಿನ ಹೆಸರಲ್ವಾ? ಬೆಟ್ಟ ಯಾವುದು?

ಎರಡೂ ಹೌದು. ಒಂದು ಸಣ್ಣ ಪರ್ಯಾಯ ದ್ವೀಪ, ಅದರ ಬೀಚು, ಪಕ್ಕದ ಊರು, ನಡುವಿನ ಬೆಟ್ಟ, ಎಲ್ಲಕ್ಕೂ ಅದೇ ಹೆಸರು. ಬೆಟ್ಟದ ಪೂರ್ಣ ಹೆಸರು ಲೆ ಮೋರ್ನ್ ಬ್ರಬಾಂಟ್, ಎತ್ತರ 556 ಮೀಟರ್. 2008ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಿದ್ದು ಚೆಲುವಿಗಾಗಿ ಅಲ್ಲ, ತಪ್ಪಿಸಿಕೊಂಡ ಗುಲಾಮರು ಇಲ್ಲಿ ಅಡಗಿ ಬದುಕಿದ್ದಕ್ಕಾಗಿ. ಅದರ ವಿಷಯ ಕೊನೆಯ ಭಾಗದಲ್ಲಿದೆ.

ಹೋಗಿ ಬರೋಕೆ ಎಷ್ಟು ದೂರ, ಎಷ್ಟು ಹೊತ್ತು?

ಕಾವಲುಗಾರರಿರುವ ಗೇಟಿನಿಂದ ಮೇಲಿನ ಶಿಲುಬೆಯವರೆಗೆ ಸುಮಾರು ಮೂರೂವರೆ ಕಿಲೋಮೀಟರ್, ಹೋಗಿ ಬರಲು 7 ಕಿಲೋಮೀಟರ್. ಸಾಮಾನ್ಯ ನಡಿಗೆಯವರಿಗೆ ಮೂರೂವರೆಯಿಂದ ನಾಲ್ಕು ಗಂಟೆ ಬೇಕು. ದೂರ ನೋಡಿ ಮೋಸ ಹೋಗಬೇಡಿ. ಮೊದಲರ್ಧ ವಾಯುವಿಹಾರದ ಹಾಗಿದೆ. ಕೊನೆಯ ಒಂದು ಕಿಲೋಮೀಟರಿನಷ್ಟು ದಾರಿಯೇ ಅರ್ಧಕ್ಕಿಂತ ಹೆಚ್ಚು ಸಮಯವನ್ನೂ ಮುಕ್ಕಾಲು ಪಾಲು ದಣಿವನ್ನೂ ತಿನ್ನುತ್ತದೆ.

ತುತ್ತತುದಿಯವರೆಗೂ ಹೋಗಬಹುದಾ?

ಇಲ್ಲ. ಸಾರ್ವಜನಿಕ ದಾರಿ ಸುಮಾರು 500 ಮೀಟರ್ ಎತ್ತರದಲ್ಲಿ, ಲೋಹದ ಶಿಲುಬೆ ನೆಟ್ಟಿರುವ ಕೋಡಿನಲ್ಲಿ ಮುಗಿಯುತ್ತದೆ. ಅಲ್ಲಿಂದ ಆಚೆ ಬೆಟ್ಟ ಇಂಗ್ಲಿಷಿನ ವಿ ಅಕ್ಷರದಂತೆ ಸೀಳಿದೆ, 556 ಮೀಟರಿನ ನಿಜವಾದ ನೆತ್ತಿ ಆ ಸೀಳಿನ ಆಚೆಗೆ. ನೆತ್ತಿಯ ಮೇಲೆ ಅಪರೂಪದ ಗಿಡಗಳಿವೆ, ಸೀಳಿನ ಎರಡೂ ಕಡೆ ಪ್ರಪಾತವಿದೆ. ದಾಟುವ ಯೋಚನೆ ಬೇಡ. ಫೋಟೋಗಳಲ್ಲಿ ಜನ ನಿಂತಿರುವುದೂ ಶಿಲುಬೆಯ ಬಳಿಯೇ.

ಕುಮಾರ ಪರ್ವತ ಹತ್ತಿದ್ದೀನಿ. ಇದೇನು ಮಹಾ?

ದಮ್ಮಿನ ಲೆಕ್ಕದಲ್ಲಿ ಮಹಾ ಏನಿಲ್ಲ. ಕುಮಾರ ಪರ್ವತ 1,712 ಮೀಟರ್, ಇಡೀ ದಿನದ ನಡಿಗೆ. ಇಲ್ಲಿ ಏರುವುದು ಸುಮಾರು 450 ಮೀಟರ್ ಮಾತ್ರ. ಆದರೆ ಅಲ್ಲಿ ಕಾಲಿನ ಕೆಲಸ, ಇಲ್ಲಿ ಕೈಯದೂ. ಕೊನೆಯ ಭಾಗದಲ್ಲಿ ಬಂಡೆ ಹಿಡಿದು, ಹಗ್ಗ ಹಿಡಿದು, ಮೊಣಕಾಲನ್ನು ಎದೆಯೆತ್ತರಕ್ಕೆ ಎತ್ತಿ ಏರಬೇಕು. ಸಾವನದುರ್ಗದ ಬೋಳು ಬಂಡೆಯ ಮೇಲೆ ನಡುಕವಿಲ್ಲದೆ ನಡೆದವರಿಗೆ ಇಲ್ಲಿ ಅನುಕೂಲ. ಎಷ್ಟೋ ಕಿಲೋಮೀಟರ್ ನಡೆಯಬಲ್ಲವರು ಇಲ್ಲಿ ಒಂದು ಬಂಡೆಯ ಮುಂದೆ ಹತ್ತು ನಿಮಿಷ ನಿಂತುಬಿಡುವುದುಂಟು. ತಿಂಗಳಿಗೊಮ್ಮೆ ಮನೆಯ ಮೆಟ್ಟಿಲು ಹತ್ತದವರು ಕೂಡ ನಿಧಾನಕ್ಕೆ, ನೆಮ್ಮದಿಯಾಗಿ ಮೇಲೆ ಮುಟ್ಟಿರುವುದೂ ಉಂಟು.

ಟಿಕೆಟ್ ಎಷ್ಟು? ಗೈಡ್ ಬೇಕೇ ಬೇಕಾ?

ಟಿಕೆಟ್ ಇಲ್ಲ. ಗೇಟಿನಲ್ಲಿ ಹೆಸರು ಬರೆಸಿ ಒಳಗೆ ಹೋಗಬೇಕು, ಇಳಿದು ಬಂದ ಮೇಲೆ ಬಂದೆವೆಂದು ಹೇಳಿ ಹೊರಡಬೇಕು. ಈ ಎರಡನೆಯದನ್ನು ಮರೆಯುವವರೇ ಹೆಚ್ಚು. ಮರೆತರೆ ಸಂಜೆ ಯಾರೋ ನಿಮ್ಮನ್ನು ಹುಡುಕಲು ಹೊರಡಬೇಕಾಗುತ್ತದೆ.

ಬೆಟ್ಟದ ಬುಡದ ಜಾಗ ಖಾಸಗಿಯವರದ್ದಾದ್ದರಿಂದ ಮೊದಲು ಗೈಡ್ ಜೊತೆಗೆ ಮಾತ್ರ ಬಿಡುತ್ತಿದ್ದರು. 2016ರಿಂದ ದಾರಿ ಎಲ್ಲರಿಗೂ ತೆರೆದಿದೆ. ಹಾಗಾಗಿ ಗೈಡ್ ಕಡ್ಡಾಯವಲ್ಲ. ಬಂಡೆ ಏರಿ ಅಭ್ಯಾಸವಿಲ್ಲದಿದ್ದರೆ, ಮಕ್ಕಳು ಜೊತೆಗಿದ್ದರೆ, ಅಥವಾ ಒಬ್ಬರೇ ಹೊರಟಿದ್ದರೆ ಇಟ್ಟುಕೊಳ್ಳುವುದು ಒಳ್ಳೆಯದು. ಗೈಡ್‌ನಿಂದ ದೊಡ್ಡ ಲಾಭ ದಾರಿ ತೋರಿಸುವುದಲ್ಲ, ದಾರಿ ತಪ್ಪುವ ಹಾಗೇ ಇಲ್ಲ. ಯಾವ ಬಂಡೆಯಲ್ಲಿ ಯಾವ ಕಾಲು ಮೊದಲು ಎಂದು ಅವರು ಹೇಳುತ್ತಾರಲ್ಲ, ಅದು.

ಯಾವ ತಿಂಗಳು ಒಳ್ಳೆಯದು?

ಮೇ ಕೊನೆಯಿಂದ ಅಕ್ಟೋಬರ್. ಮಾರಿಷಸ್ ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ನಮಗೆ ಮಳೆಗಾಲವಾದಾಗ ಅಲ್ಲಿ ಚಳಿಗಾಲ. ಚಳಿ ಎಂದರೆ ಹಗಲಲ್ಲಿ ಇಪ್ಪತ್ತನಾಲ್ಕು, ಇಪ್ಪತ್ತೈದು ಡಿಗ್ರಿ, ಅಷ್ಟೇ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸೆಕೆ, ಮಳೆ, ಜೊತೆಗೆ ಚಂಡಮಾರುತದ ಕಾಲ. ಆಗಲೂ ಒಣ ದಿನಗಳು ಬೇಕಾದಷ್ಟು ಸಿಗುತ್ತವೆ. ಆದರೆ ಬೆಳಿಗ್ಗೆ ಒಂಬತ್ತರ ಮೇಲೆ ಬಂಡೆ ಕಾದು ಕೈಗೆ ಹತ್ತುತ್ತದೆ.

ಚಂಡಮಾರುತಕ್ಕೆ ಅಲ್ಲಿ 1ರಿಂದ 4ರವರೆಗೆ ನಾಲ್ಕು ದರ್ಜೆಯ ಎಚ್ಚರಿಕೆ ಇದೆ. 1 ಎಂದು ಘೋಷಿಸಿದ ಕ್ಷಣವೇ ಬೆಟ್ಟದ ಯೋಜನೆ ಕೈಬಿಡಿ, ಆಕಾಶ ಎಷ್ಟೇ ನೀಲಿಯಾಗಿರಲಿ.

ಅಲ್ಲಿಗೆ ತಲುಪೋದು ಹೇಗೆ?

ವಿಮಾನ ನಿಲ್ದಾಣ ಆಗ್ನೇಯದಲ್ಲಿದೆ, ಬೆಟ್ಟ ನೈಋತ್ಯದಲ್ಲಿ. ಕಾರಿನಲ್ಲಿ ಒಂದು ಗಂಟೆ ಮೇಲೆ ಸ್ವಲ್ಪ. ನಮ್ಮ ಹಾಗೆಯೇ ಎಡಬದಿಯ ಸಂಚಾರ, ಆದ್ದರಿಂದ ಬಾಡಿಗೆ ಕಾರು ಓಡಿಸುವುದು ಕಷ್ಟವಲ್ಲ. ಬಸ್ಸೂ ಇದೆ, ಕಾತ್ರ್ ಬೋರ್ನ್ ಪಟ್ಟಣದಿಂದ ಬೇ ದು ಕಾಪ್ ಕಡೆಗೆ ಹೋಗುವ ಬಸ್ಸು ಲೆ ಮೋರ್ನ್ ಕಡೆಯಿಂದಲೇ ಹಾದು ಹೋಗುತ್ತದೆ. ತೊಂದರೆ ಏನೆಂದರೆ, ಬಸ್ಸನ್ನು ನಂಬಿದರೆ ಬೆಳಿಗ್ಗೆ ಬೇಗ ಗೇಟು ಮುಟ್ಟಲಾಗದು. ಮುಖ್ಯ ರಸ್ತೆಯಿಂದ ಗೇಟಿನವರೆಗೆ ಜಲ್ಲಿ ರಸ್ತೆಯಲ್ಲಿ ನಡೆಯಬೇಕು ಕೂಡ.

## ತಯಾರಿ

ಎಷ್ಟು ಗಂಟೆಗೆ ಶುರು ಮಾಡಬೇಕು?

ಗೇಟು ತೆರೆದ ಕೂಡಲೇ. ತೆರೆಯುವ ಹೊತ್ತು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಹಿಂದಿನ ದಿನವೇ ಹೋಟೆಲಿನಲ್ಲಿ ವಿಚಾರಿಸಿ. ಸಂಜೆಯ ಮುಂಚೆಯೇ ದಾರಿ ಮುಚ್ಚುತ್ತಾರೆ, ಆದ್ದರಿಂದ ಸೂರ್ಯಾಸ್ತ ನೋಡುವ ಆಸೆಯನ್ನು ಬೀಚಿಗೆ ಮೀಸಲಿಡಿ. ಜೂನ್‌ನಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಸುಮಾರಿಗೆ, ಮುಳುಗುವುದು ಐದೂವರೆ ದಾಟಿದ ಮೇಲೆ. ಡಿಸೆಂಬರ್‌ನಲ್ಲಿ ಬೆಳಕು ಐದೂವರೆಗೇ ಬಂದುಬಿಡುತ್ತದೆ.

ಬೇಗ ಹೊರಡುವುದಕ್ಕೆ ಬಿಸಿಲೊಂದೇ ಕಾರಣವಲ್ಲ. ಹಗ್ಗದ ಜಾಗಗಳಲ್ಲಿ ಒಮ್ಮೆಗೆ ಒಬ್ಬರೇ ಹೋಗಬೇಕು. ಹತ್ತು ಗಂಟೆಯ ಹೊತ್ತಿಗೆ ಮೇಲಿಂದ ಇಳಿಯುವವರೂ ಕೆಳಗಿಂದ ಏರುವವರೂ ಅಲ್ಲೇ ಎದುರಾಗಿ, ಕಿರಿದಾದ ಬಂಡೆಯಂಚಿನಲ್ಲಿ ನಿಂತು ಕಾಯಬೇಕಾಗುತ್ತದೆ. ಕಾಯುವಾಗ ಕಾಲು ನಡುಗಲು ಶುರುವಾಗುತ್ತದೆ, ಆ ನಡುಕದಲ್ಲೇ ಮುಂದಿನ ಹೆಜ್ಜೆ ತಪ್ಪುವುದು.

ಶೂ ಯಾವುದು? ಸ್ಪೋರ್ಟ್ಸ್ ಶೂ ಸಾಕಾ?

ಅಡಿಭಾಗದಲ್ಲಿ ಆಳವಾದ ಗೀರುಗಳು ಇರುವ, ಹಿಮ್ಮಡಿ ಅಲ್ಲಾಡದ ಯಾವ ಶೂ ಆದರೂ ಆಗುತ್ತದೆ. ಓಡುವ ಶೂಗಳ ಮೆತ್ತನೆಯ ನುಣುಪು ಅಡಿ ಒಣ ಬಂಡೆಯ ಮೇಲೆ ಹಿಡಿಯುತ್ತದೆ, ಕೆಂಪು ಮಣ್ಣು ಮೆತ್ತಿಕೊಂಡರೆ ಜಾರುತ್ತದೆ. ಹೊಸ ಶೂ ಹಾಕಿಕೊಂಡು ಬರಬೇಡಿ. ಉಗುರು ಕತ್ತರಿಸಿಕೊಂಡು ಬನ್ನಿ, ಇಳಿಯುವಾಗ ಹೆಬ್ಬೆರಳು ಶೂ ತುದಿಗೆ ಗುದ್ದಿ ಉಗುರು ಕಪ್ಪಾಗುವುದು ಇಲ್ಲಿ ಸರ್ವೇಸಾಮಾನ್ಯ. ಚಪ್ಪಲಿಯಲ್ಲಿ ಏರುವ ಊರಿನ ಹುಡುಗರನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ. ಅವರ ಕಾಲಿಗೆ ಆ ಬೆಟ್ಟದ ಒಂದೊಂದು ಕಲ್ಲೂ ಗೊತ್ತು.

ಮೊಣಕಾಲು ಮುಚ್ಚುವ, ಎಳೆದರೆ ಹಿಗ್ಗುವ ಪ್ಯಾಂಟು ಒಳ್ಳೆಯದು. ಜೀನ್ಸ್ ಬೇಡ, ಬೆವರಿಗೆ ತೊಡೆಗೆ ಅಂಟಿಕೊಂಡು ಕಾಲು ಎತ್ತಲು ಬಿಡುವುದಿಲ್ಲ. ಬೆರಳು ತುದಿ ತೆರೆದ ಕೈಗವಸು ಇದ್ದರೆ ಹಗ್ಗ ಹಿಡಿಯಲು, ಒರಟು ಬಂಡೆಯಿಂದ ಅಂಗೈ ಉಳಿಸಿಕೊಳ್ಳಲು ಅನುಕೂಲ.

ನೀರು ಎಷ್ಟು ಒಯ್ಯಬೇಕು? ಮೇಲೆ ಅಂಗಡಿ ಇದೆಯಾ?

ಅಂಗಡಿಯೂ ಇಲ್ಲ, ನಲ್ಲಿಯೂ ಇಲ್ಲ, ಮೇಲೆ ಶೌಚಾಲಯವೂ ಇಲ್ಲ. ಚಳಿಗಾಲದಲ್ಲಿ ತಲೆಗೆ ಒಂದೂವರೆ ಲೀಟರ್, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಎರಡೂವರೆ ಲೀಟರ್. ಅದರಲ್ಲಿ ಅರ್ಧ ಲೀಟರಿಗೆ ಓಆರ್‌ಎಸ್ ಪುಡಿ ಬೆರೆಸಿಡಿ. ಹೊರಡುವಾಗ ಇದ್ದ ನೀರಿನಲ್ಲಿ ಮೂರನೆಯ ಒಂದು ಭಾಗ ಶಿಲುಬೆಯಿಂದ ಇಳಿಯಲು ಶುರು ಮಾಡುವಾಗ ಇನ್ನೂ ಉಳಿದಿರಬೇಕು.

ನೀರನ್ನು ಕೈಯಲ್ಲಿ ಹಿಡಿದುಕೊಳ್ಳಬೇಡಿ. ಬೆನ್ನಿಗೆ ಬಿಗಿಯಾಗಿ ಕೂರುವ ಸಣ್ಣ ಚೀಲವೇ ಬೇಕು, ಎದೆಗೆ ಅಡ್ಡಪಟ್ಟಿ ಇದ್ದರೆ ಉತ್ತಮ. ಹೆಗಲಿಗೆ ಜೋತುಬಿದ್ದ ಚೀಲ, ಕತ್ತಿಗೆ ನೇತುಹಾಕಿದ ಕ್ಯಾಮೆರಾ ನೀವು ಬಂಡೆಗೆ ಮೈ ಒತ್ತಿ ಏರುವಾಗ ತೂಗಾಡಿ ನಿಮ್ಮನ್ನೇ ಎಳೆಯುತ್ತವೆ.

ತಿನ್ನಲು ಹಿಂದಿನ ದಿನವೇ ದಾಲ್ ಪುರಿ ಕಟ್ಟಿಸಿಕೊಳ್ಳಬಹುದು, ಬೇಳೆ ತುಂಬಿದ ಆ ತೆಳು ರೊಟ್ಟಿ ದ್ವೀಪದ ಬೀದಿಬೀದಿಯಲ್ಲಿ ಸಿಗುತ್ತದೆ. ಗಾತೋ ಪಿಮಾ ಎನ್ನುವ ಬೇಳೆ ವಡೆ ನಮ್ಮ ಆಂಬೊಡೆಯ ಹತ್ತಿರದ ನೆಂಟ, ಆದರೆ ಖಾರಕ್ಕೆ ಬಾಯಾರಿಕೆ ಹೆಚ್ಚುತ್ತದೆ. ಅದನ್ನು ಇಳಿದ ಮೇಲೆ ತಿನ್ನಿ.

ಮಕ್ಕಳನ್ನು, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಮೊದಲ ವೀಕ್ಷಣಾ ಜಾಗದವರೆಗೆ ಧಾರಾಳವಾಗಿ. ಅಗಲವಾದ ಜಲ್ಲಿ ದಾರಿ, ಮರದ ನೆರಳು, ಹಿತವಾದ ಏರು. ಅಲ್ಲಿಂದಲೇ ಲಗೂನು, ಅಂದರೆ ಹವಳದ ದಿಬ್ಬದ ಒಳಗಿನ ತೆಳು ನೀರು, ಚೆನ್ನಾಗಿ ಕಾಣುತ್ತದೆ, ಅರವತ್ತು ದಾಟಿದವರಿಗೆ ಅದೇ ಒಂದು ಸಂಪೂರ್ಣ ಚಾರಣ. ಮೊಣಕಾಲು ನೋವಿದ್ದವರು ಅದರ ಮೇಲೆ ಹೋಗುವುದು ಬೇಡ.

ಮಕ್ಕಳಿಗೆ ವಯಸ್ಸಿಗಿಂತ ಎತ್ತರ ಮುಖ್ಯ. ಹಿಡಿಕೆಗಳು ದೊಡ್ಡವರ ಕೈಯಳತೆಯಲ್ಲಿವೆ. ಬಂಡೆ ಹತ್ತುವ ಉತ್ಸಾಹವಿರುವ, ಹೇಳಿದ ಮಾತು ಕೇಳುವ ಹತ್ತು ಹನ್ನೆರಡರ ಮಗು, ಪ್ರತಿ ಮಗುವಿನ ಹಿಂದೆ ಒಬ್ಬ ದೊಡ್ಡವರು ಇರುವುದಾದರೆ ಸರಿ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ವೀಕ್ಷಣಾ ಜಾಗದ ಆಚೆಗಿನ ಎಚ್ಚರಿಕೆ ಫಲಕ ದಾಟಬೇಡಿ, ಯಾರೋ ಹಾಗೆ ಹೋದರೆಂದು ಕೇಳಿದ್ದರೂ ಸಹ.

ಹಾವು, ಚೇಳು, ಕಾಡುಪ್ರಾಣಿ?

ಮನುಷ್ಯರಿಗೆ ಅಪಾಯ ತರುವ ವಿಷದ ಹಾವು ಮಾರಿಷಸ್‌ನಲ್ಲಿ ಇಲ್ಲ. ಕಾಡುವುದಿದ್ದರೆ ಹಳದಿ ಕಣಜ, ಪೊದೆಯಲ್ಲಿ ಗೂಡು ಕಟ್ಟಿರುತ್ತದೆ. ದಾರಿ ಬಿಟ್ಟು ಪೊದೆಗೆ ಕೈ ಹಾಕದಿದ್ದರೆ ಅದರ ತಂಟೆಯೂ ಇಲ್ಲ. ಕಣಜದ ಕಡಿತಕ್ಕೆ ಮೈ ಊದಿಕೊಳ್ಳುವವರು ತಮ್ಮ ಮಾತ್ರೆ ಜೇಬಿನಲ್ಲಿಟ್ಟುಕೊಳ್ಳಲಿ. ಬಂಡೆಯ ಸಂದಿಗೆ ನೋಡದೆ ಬೆರಳು ತೂರಿಸಬೇಡಿ, ದೊಡ್ಡ ಶತಪದಿಗಳಿವೆ, ಕಚ್ಚಿದರೆ ಉರಿ ಜೋರು.

## ದಾರಿಯಲ್ಲಿ

ದಾರಿ ಹೇಗಿದೆ? ಹಂತ ಹಂತವಾಗಿ ಹೇಳಿ.

ಗೇಟಿನಿಂದ ಜೀಪು ಹೋಗುವಷ್ಟು ಅಗಲದ ಜಲ್ಲಿ ದಾರಿ, ಮರಗಳ ನಡುವೆ ನಿಧಾನವಾಗಿ ಏರುತ್ತದೆ. ನಲವತ್ತು ನಿಮಿಷದಿಂದ ಒಂದು ಗಂಟೆಯೊಳಗೆ ವೀಕ್ಷಣಾ ಜಾಗ. ಇಲ್ಲಿಯವರೆಗೆ ಮಾತಾಡಿಕೊಂಡು ಹೋಗಬಹುದು, ಜನ ಹೋಗುವುದೂ ಹಾಗೆಯೇ, ಆಮೇಲೆ ಅದೇ ವೇಗದಲ್ಲಿ ಮುಂದುವರಿದು ಏದುಸಿರು ಬಿಡುತ್ತಾರೆ. ಇಲ್ಲಿ ಹತ್ತು ನಿಮಿಷ ಕೂತು ಶೂ ಲೇಸನ್ನು ಬಿಚ್ಚಿ ಮತ್ತೆ ಬಿಗಿ ಮಾಡಿ.

ಮುಂದೆ ದಾರಿ ಒಬ್ಬರ ಅಗಲಕ್ಕೆ ಕುಗ್ಗುತ್ತದೆ. ಬೇರು, ಸಡಿಲ ಕಲ್ಲು, ಕೆಂಪು ಮಣ್ಣು. ಸ್ವಲ್ಪದರಲ್ಲೇ ಎಚ್ಚರಿಕೆ ಫಲಕ. ಇಲ್ಲಿಂದ ಮೇಲೆ ನಿಮ್ಮ ಹೊಣೆ ನಿಮ್ಮದು ಎಂಬುದು ಅದರ ಸಾರಾಂಶ. ನಿರ್ಧಾರ ಮಾಡಬೇಕಾದ ಜಾಗ ಇದೇ. ಆಕಾಶ ಕಪ್ಪಾಗಿದೆಯೇ, ಬಂಡೆ ಒದ್ದೆಯಿದೆಯೇ, ನೀರು ಅರ್ಧ ಮುಗಿದಿದೆಯೇ, ಜೊತೆಗಿರುವವರಲ್ಲಿ ಯಾರಾದರೂ ಮಾತು ನಿಲ್ಲಿಸಿದ್ದಾರೆಯೇ ನೋಡಿ. ಒಂದಕ್ಕೆ ಹೌದು ಎಂದರೂ ಇಲ್ಲಿಂದ ಹಿಂದಿರುಗುವುದು ಸುಲಭ, ಇನ್ನರ್ಧ ಗಂಟೆಯ ಮೇಲೆ ಅಷ್ಟು ಸುಲಭವಲ್ಲ.

ಫಲಕದಿಂದ ಶಿಲುಬೆಯವರೆಗಿನದು ಬಂಡೆ. ನೆರಳು ಹೋಗುತ್ತದೆ, ಗಾಳಿ ಬರುತ್ತದೆ. ಮುಕ್ಕಾಲು ಗಂಟೆಯಿಂದ ಒಂದೂಕಾಲು ಗಂಟೆ ಹಿಡಿಯುತ್ತದೆ.

ಹಗ್ಗ ಹಿಡಿದು ಏರೋದು ಹೇಗೆ? ಕೈಯಲ್ಲಿ ಶಕ್ತಿ ಬೇಕಾ?

ಕೈಯಲ್ಲಿ ಜಗ್ಗುವವರೇ ಬೇಗ ಸೋಲುವುದು. ಹಗ್ಗ ಸಮತೋಲನಕ್ಕೆ, ಭಾರ ಹೊರಲು ಕಾಲು.

ಬಂಡೆಯ ಬುಡದಲ್ಲಿ ನಿಂತು ಮೊದಲು ನೋಡಿ. ಸಾವಿರಾರು ಜನ ಹಿಡಿದ ಜಾಗ ಬಣ್ಣ ಬದಲಾಗಿ, ನುಣುಪಾಗಿ ಹೊಳೆಯುತ್ತಿರುತ್ತದೆ, ಹಿಡಿಕೆ ಎಲ್ಲಿದೆಯೆಂದು ಅದೇ ಹೇಳುತ್ತದೆ. ಆದರೆ ನುಣುಪಾದ ಕಡೆ ಜಾರುವುದೂ ಹೆಚ್ಚು, ಪಾದಕ್ಕೆ ಅದರ ಪಕ್ಕದ ಒರಟು ಭಾಗ ಆರಿಸಿ. ಹತ್ತಿರದಿಂದ ನೋಡಿದರೆ ಬಂಡೆಯ ತುಂಬ ಸಾಸಿವೆಯಿಂದ ಕಡಲೆಕಾಳಿನಷ್ಟು ಗಾತ್ರದ ತೂತುಗಳು. ಲಾವಾ ಆರುವಾಗ ಒಳಗಿದ್ದ ಅನಿಲದ ಗುಳ್ಳೆಗಳು ಬಿಟ್ಟುಹೋದ ಗುರುತು. ಒಣಗಿದ್ದಾಗ ಶೂ ಅಡಿಯನ್ನು ಹಿಡಿದು ನಿಲ್ಲಿಸುವುದು ಇವೇ.

ಹಗ್ಗವನ್ನು ಒಮ್ಮೆ ಗಟ್ಟಿಯಾಗಿ ಎಳೆದು ಪರೀಕ್ಷಿಸಿ. ಮುಂದಿನವರು ಪೂರ್ತಿ ಏರಿ ಹಗ್ಗ ಬಿಡುವವರೆಗೆ ಮುಟ್ಟಬೇಡಿ, ಇಬ್ಬರು ಎಳೆದರೆ ಇಬ್ಬರೂ ಪಕ್ಕಕ್ಕೆ ತೂಗುತ್ತೀರಿ. ಕೈಗೆ ಸುತ್ತಿಕೊಳ್ಳಬೇಡಿ, ಮುಷ್ಟಿಯಲ್ಲಿ ಹಿಡಿಯಿರಿ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಬಂಡೆ. ನಾಲ್ಕು ಕೈಕಾಲುಗಳಲ್ಲಿ ಮೂರು ಯಾವಾಗಲೂ ನೆಲೆಯಾಗಿರಬೇಕು, ಒಂದನ್ನು ಮಾತ್ರ ಕದಲಿಸಿ. ಹೆದರಿಕೆಯಾದಾಗ ಬಂಡೆಯನ್ನು ತಬ್ಬಿಕೊಳ್ಳುವುದು ಸಹಜ, ಆದರೆ ಹೊಟ್ಟೆ ಬಂಡೆಗೆ ಅಂಟಿದರೆ ಪಾದ ಹಿಂದಕ್ಕೆ ಜಾರುತ್ತದೆ. ಸೊಂಟವನ್ನು ಸ್ವಲ್ಪ ಹೊರಗೆ ತಂದು ಪಾದದ ಮೇಲೆ ಭಾರ ಬಿಡಿ, ಹಿಡಿತ ತಾನೇ ಬರುತ್ತದೆ.

ಕಲ್ಲು ಉರುಳಿದರೆ ಯಾವ ಭಾಷೆಯಲ್ಲಾದರೂ ಸರಿ, ಜೋರಾಗಿ ಕೂಗಿ.

ಎತ್ತರ ಕಂಡರೆ ತಲೆ ಸುತ್ತುತ್ತದೆ. ಆಗುತ್ತಾ?

ಏರುವಾಗ ಮುಖ ಬಂಡೆಯ ಕಡೆ ಇರುವುದರಿಂದ ಬಹಳ ಜನ ನಿಭಾಯಿಸುತ್ತಾರೆ. ಸಮಸ್ಯೆ ಎದುರಾಗುವುದು ಹಿಂದಿರುಗಿ ನೋಡಿದಾಗ, ಕೆಳಗೆ ನೀಲಿ ಸಮುದ್ರ ಬಿಟ್ಟು ಬೇರೇನೂ ಕಾಣದಿರುವಾಗ. ಬಾಲ್ಕನಿಯಲ್ಲಿ ನಿಂತರೆ ಇರುಸುಮುರುಸು ಎನ್ನುವಷ್ಟಾದರೆ ಪ್ರಯತ್ನಿಸಬಹುದು. ನಿಂತಲ್ಲೇ ಕೈಕಾಲು ಮರಗಟ್ಟುವಷ್ಟು ಭಯವಿದ್ದರೆ ವೀಕ್ಷಣಾ ಜಾಗವೇ ನಿಮ್ಮ ಶಿಖರ. ಹತ್ತಿಸಿಬಿಡಬಹುದು, ಇಳಿಸುವುದು ಕಷ್ಟ.

ಇಳಿಯೋದು ಸುಲಭ ತಾನೇ?

ಅಲ್ಲ. ಎಡವುವುದು, ಉಳುಕುವುದು ಬಹುಪಾಲು ಇಳಿಯುವಾಗಲೇ. ಏರುವಾಗ ಹೆಜ್ಜೆ ಇಡುವ ಜಾಗ ಕಣ್ಣ ಮುಂದಿರುತ್ತದೆ, ಇಳಿಯುವಾಗ ಅದು ನಿಮ್ಮ ಹೊಟ್ಟೆಯ ಕೆಳಗಿರುತ್ತದೆ. ತೊಡೆ ಆಗಲೇ ದಣಿದಿರುತ್ತದೆ, ಮನಸ್ಸು ಬೀಚು ಸೇರಿರುತ್ತದೆ.

ಕಡಿದಾದ ಬಂಡೆಗಳಲ್ಲಿ ಏಣಿ ಇಳಿಯುವಂತೆ ಬಂಡೆಗೆ ಮುಖ ಮಾಡಿಯೇ ಇಳಿಯಿರಿ. ಕೆಳಗಿರುವವರು ಪಾದ ಎಲ್ಲಿಡಬೇಕೆಂದು ಹೇಳಲಿ: ಎಡಗಾಲು ಇನ್ನೊಂದು ಗೇಣು ಕೆಳಗೆ, ಸ್ವಲ್ಪ ಒಳಕ್ಕೆ, ಹಾಂ ಅಲ್ಲೇ. ಕುಂಡೆಯ ಮೇಲೆ ಜಾರಿಕೊಂಡು ಇಳಿಯುವವರಿದ್ದಾರೆ. ಸಣ್ಣ ಇಳಿಜಾರಿಗೆ ಪರವಾಗಿಲ್ಲ, ದೊಡ್ಡದರಲ್ಲಿ ಒಮ್ಮೆ ವೇಗ ಬಂದರೆ ನಿಲ್ಲಿಸಲು ಏನೂ ಸಿಗುವುದಿಲ್ಲ. ಊರುಗೋಲನ್ನು ಬಂಡೆಯ ಭಾಗದಲ್ಲಿ ಮಡಚಿ ಚೀಲಕ್ಕೆ ಸೇರಿಸಿ, ಜಲ್ಲಿ ದಾರಿ ಸಿಕ್ಕ ಮೇಲೆ ತೆಗೆಯಿರಿ. ಒಂದೂಕಾಲರಿಂದ ಒಂದೂವರೆ ಗಂಟೆ ಇಳಿಯುವುದಕ್ಕೇ ಇಟ್ಟುಕೊಳ್ಳಿ.

ಅರ್ಧ ದಾರಿಯಲ್ಲಿ ಮಳೆ ಬಂದರೆ?

ಎಚ್ಚರಿಕೆ ಫಲಕಕ್ಕಿಂತ ಕೆಳಗಿದ್ದರೆ ಇಳಿದುಬಿಡಿ. ಮೇಲಿದ್ದರೆ ಓಡಬೇಡಿ. ದ್ವೀಪದ ಮಳೆ ಹಲವು ಸಲ ಹದಿನೈದು ನಿಮಿಷದ ಹನಿ, ಬಂದು ಹೋಗುತ್ತದೆ. ಅಗಲವಾದ, ಮೇಲಿಂದ ಕಲ್ಲು ಬೀಳದ ಜಾಗದಲ್ಲಿ ಕೂತು ನಿಲ್ಲುವವರೆಗೆ ಕಾಯಿರಿ, ಗಾಳಿಗೆ ಬಂಡೆ ಒಣಗಲು ಇನ್ನಷ್ಟು ಹೊತ್ತು ಕೊಡಿ. ಒಣಗಿದ್ದಾಗ ಹಿಡಿಯುವ ಅದೇ ತೂತುಗಳಲ್ಲಿ ನೀರು, ಮಣ್ಣು ತುಂಬಿದರೆ ಸೋಪು ಸವರಿದ ಹಾಗೆ. ಮಳೆ ಬಿಡುವ ಲಕ್ಷಣವಿಲ್ಲದಿದ್ದರೆ ಒಬ್ಬೊಬ್ಬರಾಗಿ, ಹಗ್ಗದಿಂದ ಹಗ್ಗಕ್ಕೆ, ಬಂಡೆಗೆ ಮುಖಮಾಡಿ ಇಳಿಯಿರಿ. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ಬೆಳಿಗ್ಗೆ ಬಿಸಿಲಿದ್ದರೂ ಮರುದಿನಕ್ಕೆ ಮುಂದೂಡುವುದು ಜಾಣತನ.

ಏಟಾದರೆ ಯಾರನ್ನು ಕರೆಯುವುದು?

ಆಂಬುಲೆನ್ಸ್ 114, ಪೊಲೀಸ್ 999. ಬೆಟ್ಟಗಳಲ್ಲಿ ಸಿಕ್ಕಿಕೊಂಡವರನ್ನು ಇಳಿಸಲು ಪೊಲೀಸರ ಹೆಲಿಕಾಪ್ಟರ್ ಇದೆ. ಕಾಲು ಮುರಿದಿರುವ ಅನುಮಾನವಿದ್ದರೆ ಹೊತ್ತು ಇಳಿಸುವ ಸಾಹಸ ಬೇಡ, ಆ ಬಂಡೆಗಳಲ್ಲಿ ಹೊತ್ತವರೂ ಬೀಳುತ್ತಾರೆ. ಒಬ್ಬರು ಗಾಯಾಳುವಿನ ಜೊತೆ ಉಳಿದು ಇನ್ನೊಬ್ಬರು ಗೇಟಿಗೆ ಸುದ್ದಿ ಮುಟ್ಟಿಸಲಿ. ಉಳುಕಿಗೆ ಕಟ್ಟಲು ಒಂದು ಕ್ರೇಪ್ ಬ್ಯಾಂಡೇಜ್ ಚೀಲದಲ್ಲಿರಲಿ.

ನೀರಿನೊಳಗಿನ ಜಲಪಾತ ಮೇಲಿಂದ ಕಾಣುತ್ತಾ?

ಕಾಣುವುದಿಲ್ಲ. ಈ ಪ್ರಶ್ನೆ ಕೇಳದವರೇ ಇಲ್ಲ. ಸಮುದ್ರದೊಳಗೆ ಜಲಪಾತವೂ ಇಲ್ಲ. ದ್ವೀಪದ ಸುತ್ತಲಿನ ತೆಳು ನೀರಿನ ತಳದಿಂದ ಮರಳು ಮತ್ತು ಹೂಳು ಆಳಕ್ಕೆ ಸರಿಯುವಾಗ ಬಣ್ಣಗಳ ಪಟ್ಟಿ ಧುಮ್ಮಿಕ್ಕುವಂತೆ ತೋರುತ್ತದೆ, ಅದೂ ಹೆಲಿಕಾಪ್ಟರ್ ಎತ್ತರದಿಂದ. ಶಿಲುಬೆಯಿಂದ ಕಾಣುವುದು ತಿಳಿಹಸಿರು ಲಗೂನು, ಅದರಾಚೆ ಹವಳದ ದಿಬ್ಬಕ್ಕೆ ಅಲೆ ಒಡೆಯುವ ಬಿಳಿ ಗೆರೆ, ಗೆರೆಯಾಚೆ ಒಮ್ಮೆಲೇ ಕಡುನೀಲಿ. ಉತ್ತರಕ್ಕೆ ಬೆನಿತಿಯೆ ದ್ವೀಪ, ಒಳನಾಡಿನ ಕಡೆ ಕಪ್ಪು ನದಿಯ ಬೆಟ್ಟಸಾಲು. ಕಡಿದಾದ ಗೋಡೆಯ ಬಳಿ ಉದ್ದ ಬಾಲದ ಬೆಳ್ಳನೆಯ ಹಕ್ಕಿ ತೇಲಿದರೆ ಅದು ಪಾಯ್ ಆಂ ಕ್ಯೂ, ಮಾರಿಷಸ್ ವಿಮಾನಗಳ ಬಾಲದ ಮೇಲೆ ಬಿಡಿಸಿದ ಹಕ್ಕಿ.

## ಬೆಟ್ಟದ ಕಥೆ, ಕಲ್ಲಿನ ಕಥೆ

ಇಲ್ಲಿ ಅಡಗಿದ್ದವರು ಯಾರು?

ಡಚ್ಚರು 1638ರಲ್ಲಿ ದ್ವೀಪದಲ್ಲಿ ನೆಲೆ ಮಾಡಿ ಮಡಗಾಸ್ಕರ್‌ನಿಂದ ಗುಲಾಮರನ್ನು ತಂದರು. ಡಚ್ಚರ ಬಳಿಕ ಬಂದ ಫ್ರೆಂಚರು ಕಬ್ಬಿಗೆ, ಬಂದರು ಕಟ್ಟಡಕ್ಕೆ ಮೊಜಾಂಬಿಕ್, ಮಡಗಾಸ್ಕರ್, ಭಾರತದಿಂದಲೂ ಸಾವಿರಾರು ಜನರನ್ನು ಹೊತ್ತು ತಂದರು. ತಪ್ಪಿಸಿಕೊಂಡವರನ್ನು ಮರೂನರು ಎನ್ನುತ್ತಿದ್ದರು. 1723ರ ಫ್ರೆಂಚ್ ರಾಜಾಜ್ಞೆಯ ಪ್ರಕಾರ ಒಂದು ತಿಂಗಳು ತಲೆಮರೆಸಿಕೊಂಡವನಿಗೆ ಮೊದಲ ಸಲ ಕಿವಿ ಕತ್ತರಿಸಿ ಭುಜಕ್ಕೆ ಬರೆ, ಎರಡನೆಯ ಸಲ ಮೊಣಕಾಲಿನ ಹಿಂದಿನ ನರ ಕತ್ತರಿಸುವುದು, ಮೂರನೆಯ ಸಲ ಮರಣ.

ಅಷ್ಟಾದರೂ ಓಡಿದರು. ಹದಿನೆಂಟನೆಯ ಶತಮಾನದುದ್ದಕ್ಕೂ, ಹತ್ತೊಂಬತ್ತರ ಆರಂಭದಲ್ಲೂ ಈ ಬೆಟ್ಟದ ಗುಹೆಗಳಲ್ಲಿ, ನೆತ್ತಿಯ ಮೇಲೆ ಸಣ್ಣ ಸಣ್ಣ ನೆಲೆಗಳಿದ್ದವು. ಇಂದು ಚಾರಣಿಗರು ಗೊಣಗುವ ಆ ಕಡಿದಾದ ಗೋಡೆಗಳೇ ಅವರಿಗೆ ಕೋಟೆ. ಸೀಳಿನ ಮೇಲೆ ಮರದ ಹಲಗೆ ಹಾಕಿ ದಾಟಿ, ಹಲಗೆಯನ್ನು ಎಳೆದುಕೊಳ್ಳುತ್ತಿದ್ದರು ಎಂದು ಊರಿನವರು ಹೇಳುತ್ತಾರೆ.

ಪೊಲೀಸರನ್ನು ನೋಡಿ ಗುಲಾಮರು ಹಾರಿಬಿಟ್ಟರಂತೆ, ನಿಜವಾ?

1835ರ ಫೆಬ್ರವರಿ 1ರಂದು ಗುಲಾಮಗಿರಿ ರದ್ದಾಯಿತು. ಆ ಸುದ್ದಿ ಹೇಳಲೆಂದೇ ಬೆಟ್ಟಕ್ಕೆ ಬಂದ ಪೊಲೀಸರನ್ನು ಹಿಡಿಯಲು ಬಂದವರೆಂದು ತಿಳಿದು ಮರೂನರು ಪ್ರಪಾತಕ್ಕೆ ಹಾರಿದರು ಎಂಬುದು ಕಥೆ. ಇದು ಬಾಯಿಂದ ಬಾಯಿಗೆ ಬಂದದ್ದು, ದಾಖಲೆಗಳ ಬಲ ಇದಕ್ಕಿಲ್ಲ. ಆದರೆ ಮರೂನರು ಇಲ್ಲಿ ಬದುಕಿದ್ದು ಕಥೆಯಲ್ಲ. ಎರಡನ್ನೂ ಬೇರೆಬೇರೆಯಾಗಿ ನೋಡುವುದು ಒಳ್ಳೆಯದು: ಹಾರಿದ ಕಥೆ ಸಂದೇಹಾಸ್ಪದವೆಂದು ಅಡಗಿದ್ದ ಇತಿಹಾಸವನ್ನೇ ತಳ್ಳಿಹಾಕುವ ಪ್ರವಾಸಿಗರೂ ಇದ್ದಾರೆ. ಆ ಗುಲಾಮರ ಸಂತತಿಯಾದ ಕ್ರಿಯೋಲ್ ಜನರ ಪಾಲಿಗೆ ಈ ಬೆಟ್ಟ ಸ್ಮಾರಕ. ಫೆಬ್ರವರಿ 1 ಅಲ್ಲಿ ಸಾರ್ವಜನಿಕ ರಜೆ, ಬುಡದಲ್ಲಿರುವ ಗುಲಾಮ ಮಾರ್ಗದ ಸ್ಮಾರಕದ ಬಳಿ ಜನ ಸೇರುತ್ತಾರೆ. ಆ ದಿನ ಚಾರಣ ಇಟ್ಟುಕೊಳ್ಳದೆ ಸ್ಮಾರಕಕ್ಕೆ ಹೋಗಿ ಬನ್ನಿ.

ಭಾರತದ ಕೂಲಿಗಳಿಗೂ ಈ ಬೆಟ್ಟಕ್ಕೂ ಸಂಬಂಧ ಇದೆಯಾ?

ನೇರವಾಗಿ ಇಲ್ಲ, ಆದರೆ ಒಂದರ ಬೆನ್ನಿಗೆ ಇನ್ನೊಂದು. ಗುಲಾಮಗಿರಿ ಕೊನೆಯಾಗುವ ಸೂಚನೆ ಸಿಕ್ಕಿದ್ದೇ ಕಬ್ಬಿನ ತೋಟದವರು ಬೇರೆ ಕೈಗಳನ್ನು ಹುಡುಕಿದರು. 1834ರ ನವೆಂಬರ್ 2ರಂದು ಅಟ್ಲಾಸ್ ಹಡಗಿನಲ್ಲಿ 36 ಭಾರತೀಯರು ಕರಾರಿನ ಕೂಲಿಗಳಾಗಿ ಪೋರ್ಟ್ ಲೂಯಿಗೆ ಬಂದಿಳಿದರು, ಬಿಡುಗಡೆಯ ದಿನಕ್ಕೆ ಮೂರೇ ತಿಂಗಳು ಮುಂಚೆ. ಅವರು ಇಳಿದ ಊರಿನ ಆಪ್ರವಾಸಿ ಘಾಟ್, ಅಂದರೆ ಕೂಲಿಗಳನ್ನು ಇಳಿಸಿಕೊಳ್ಳುತ್ತಿದ್ದ ಕಟ್ಟೆ, 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು, ಲೆ ಮೋರ್ನ್ ಅದಾದ ಎರಡು ವರ್ಷಕ್ಕೆ. ಎರಡನ್ನೂ ನೋಡಿದರೆ ದ್ವೀಪ ಅರ್ಥವಾಗುತ್ತದೆ.

ಈ ಕಪ್ಪು ಕಲ್ಲು ನಮ್ಮ ವಿಜಯಪುರದ ಕಡೆಯ ಕಲ್ಲಿನ ಹಾಗೇ ಇದೆಯಲ್ಲ?

ಒಳ್ಳೆಯ ಕಣ್ಣು. ಎರಡೂ ಲಾವಾ ಆರಿ ಆದ ಬಸಾಲ್ಟ್ ಕಲ್ಲು, ಎರಡರ ತಾಯಿಯೂ ಒಂದೇ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಭೂಮಿಯ ಒಡಲಿನ ಒಂದು ಬಿಸಿ ತಾಣದ ಮೇಲೆ ಭಾರತದ ನೆಲವಿತ್ತು. ಆಗ ಉಕ್ಕಿದ ಲಾವಾದಿಂದ ದಖ್ಖನ್ ಪದರುಗಳಾದವು, ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ವರೆಗೆ ಹಬ್ಬಿದ ಕಪ್ಪು ಕಲ್ಲು ಅದು. ಗೋಲಗುಮ್ಮಟ ಕಟ್ಟಿದ್ದೂ ಅದರಲ್ಲೇ. ಭಾರತ ಉತ್ತರಕ್ಕೆ ಸರಿಯಿತು, ತಾಣ ಹಿಂದೆಯೇ ಉಳಿದು ಸಮುದ್ರದ ತಳವನ್ನು ಸುಡುತ್ತ ಹೋಯಿತು. 80ರಿಂದ 90 ಲಕ್ಷ ವರ್ಷದ ಹಿಂದೆ ಮಾರಿಷಸ್ ತಲೆಯೆತ್ತಿದ್ದು ಆ ತಾಣದಿಂದಲೇ. ಈಗ ಅದು ಪಕ್ಕದ ರಿಯೂನಿಯನ್ ದ್ವೀಪದ ಅಡಿಯಲ್ಲಿದೆ, ಅಲ್ಲಿನ ಜ್ವಾಲಾಮುಖಿ ಇಂದಿಗೂ ಉಗುಳುತ್ತದೆ. ಮಾರಿಷಸ್‌ನ ಜ್ವಾಲಾಮುಖಿಗಳು ತಣ್ಣಗಾಗಿವೆ, ಹೆದರಬೇಕಿಲ್ಲ.

ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳೂ ಇದೇ ಕುಟುಂಬವೇ ಎಂದು ಕೆಲವರು ಕೇಳುತ್ತಾರೆ. ಅಲ್ಲ, ಅವು ಇನ್ನೂ ಹಳೆಯವು, ಭಾರತ ಮಡಗಾಸ್ಕರ್‌ನಿಂದ ಬೇರ್ಪಟ್ಟ ಕಾಲದವು.

ದಾರಿಯಲ್ಲಿ ಕಿತ್ತಳೆ ಬಣ್ಣದ ಗಂಟೆಯಂಥ ಹೂವು ಕಂಡಿತು. ಕಿತ್ತುಕೊಳ್ಳಬಹುದಾ?

ಖಂಡಿತ ಬೇಡ. ಅದು ಟ್ರೊಕೆಟಿಯಾ ಬೂಟೋನಿಯಾನ ಆಗಿರಬಹುದು. ಊರಿನವರು ಬೂಕ್ಲ್ ದೊರೇಯ್ ಅನ್ನುತ್ತಾರೆ, ಅಂದರೆ ಕಿವಿಯೋಲೆ. 1992ರಿಂದ ಮಾರಿಷಸ್‌ನ ರಾಷ್ಟ್ರಪುಷ್ಪ, ಇಡೀ ಜಗತ್ತಿನಲ್ಲಿ ಕಾಡುಗಿಡವಾಗಿ ಉಳಿದಿರುವುದು ಈ ಒಂದು ಬೆಟ್ಟದಲ್ಲಿ ಮಾತ್ರ. ಕಡಿದಾದ ಬಂಡೆಯ ಸಂದಿಯಲ್ಲಿ ಮೇಕೆಗೂ ಮನುಷ್ಯನಿಗೂ ಎಟುಕದೆ ಬದುಕಿಕೊಂಡಿದೆ. ಹಿಡಿಕೆ ಸಿಗದಾಗ ಪೊದೆ ಹಿಡಿದು ಏರುವ ಅಭ್ಯಾಸವನ್ನೂ ಇದೇ ಕಾರಣಕ್ಕೆ ಬಿಡಿ, ನೀವು ಬುಡಸಮೇತ ಕೀಳುವುದು ಯಾವುದೆಂದು ಗೊತ್ತಿರುವುದಿಲ್ಲ.

ಇದು ಮುಗಿಸಿದ ಮೇಲೆ ದ್ವೀಪದಲ್ಲಿ ಇನ್ನಾವ ಬೆಟ್ಟ?

ಇದಕ್ಕೂ ಮೊದಲೇ ಅಭ್ಯಾಸಕ್ಕೆ ಬೇಕೆಂದರೆ ಲೆ ಪೂಸ್, 812 ಮೀಟರ್. ಹೆಬ್ಬೆರಳಿನಂಥ ಕೋಡು, ಕೊನೆಯ ಕೆಲವು ಮೀಟರ್ ಮಾತ್ರ ಕೈ ಬೇಕಾಗುತ್ತದೆ. 1836ರಲ್ಲಿ ಬೀಗಲ್ ಹಡಗು ಪೋರ್ಟ್ ಲೂಯಿಯಲ್ಲಿ ನಿಂತಾಗ ಚಾರ್ಲ್ಸ್ ಡಾರ್ವಿನ್ ಹತ್ತಿದ್ದು ಈ ಬೆಟ್ಟವನ್ನೇ. ಎತ್ತರವೇ ಬೇಕೆಂದರೆ 828 ಮೀಟರಿನ ಕಪ್ಪು ನದಿಯ ಶಿಖರ, ದ್ವೀಪದ ಅತಿ ಎತ್ತರದ ಜಾಗ. ಬಹುಪಾಲು ಕಾಡಿನ ನಡಿಗೆ, ಕೊನೆಯಲ್ಲಿ ಕಡಿದಾದ ಮಣ್ಣಿನ ಏರು. ತಲೆಯ ಮೇಲೆ ದುಂಡು ಬಂಡೆ ಹೊತ್ತ ಪೀಟರ್ ಬೋತ್ ಶಿಖರಕ್ಕೆ ಹಗ್ಗ, ಸೊಂಟಪಟ್ಟಿ, ಗೈಡ್ ಮೂರೂ ಬೇಕು. ಲೆ ಮೋರ್ನ್ ಹತ್ತಿದ ಮರುದಿನವೇ ಇವುಗಳಲ್ಲಿ ಯಾವುದನ್ನೂ ಇಟ್ಟುಕೊಳ್ಳಬೇಡಿ, ಆ ದಿನ ತೊಡೆ ನಿಮ್ಮ ಮಾತು ಕೇಳುವುದಿಲ್ಲ.